ಬೆಂಗಳೂರು ಬೆಳೆಸಿ ಕಳಿಸಿದ ಆಟಗಾರ

1956ರ ನವೆಂಬರ್ 1ರಂದು ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಜನ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದರು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದ ಯಾವ ದೇಶವೂ ಅದಕ್ಕೆ ಮೊದಲು ಅಲ್ಲಿಯತನಕ ಹೋಗಿರಲಿಲ್ಲ. ಆ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನವರು. ಶಾಲಾ ಮೇಷ್ಟರಾಗಿದ್ದವರು, ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆಲ್ಲಿಸಿದವರು. ಮೈದಾನದ ನಡುವಿನ ಭಾಗಕ್ಕೆ ಅವರು ನೆಚ್ಚಿಕೊಂಡವರಲ್ಲಿ ಒಬ್ಬರು ಹೈದರಾಬಾದಿನ ನೂರ್ ಮೊಹಮ್ಮದ್, ಇನ್ನೊಬ್ಬರು ಮೈಸೂರು ರಾಜ್ಯದ ಕೆಂಪಯ್ಯ. ನಾವು ಬಿಟ್ಟುಬಂದ ರಾಜ್ಯವೂ ನಾವು ಸೇರಿಕೊಂಡ ರಾಜ್ಯವೂ ಆಗ ಒಂದೇ ತಂಡದ ನಡು ಕಟ್ಟಿ ಆಡುತ್ತಿದ್ದವು.

ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಸಂಗತಿ ಹೆಮ್ಮೆಯ ಜೊತೆಗೆ ಒಂದು ಕೊರಗನ್ನೂ ಕೊಡುತ್ತದೆ. ಫುಟ್‌ಬಾಲಿನ ಎರಡು ದೊಡ್ಡ ಊರುಗಳ ನಡುವೆ ನಾವಿದ್ದೆವು. ಒಂದು ಕಡೆ ಇನ್ನೂರು ಕಿಲೋಮೀಟರ್ ಚಿಲ್ಲರೆ ದೂರದ ಹೈದರಾಬಾದ್, ಇನ್ನೊಂದು ಕಡೆ ಅದರ ಸುಮಾರು ಮೂರು ಪಟ್ಟು ದೂರದ ಬೆಂಗಳೂರು. ಹಳೆಯ ರಾಜಧಾನಿಯ ಹಾದಿ ನಿಂತುಹೋಯಿತು, ಹೊಸ ರಾಜಧಾನಿಯ ಹಾದಿ ಭೀಮೆಯ ದಂಡೆಯತನಕ ಬರಲಿಲ್ಲ. ಕುಸ್ತಿಗೆ, ಕಬಡ್ಡಿಗೆ, ವಾಲಿಬಾಲಿಗೆ ಇಲ್ಲಿ ಹುಡುಗರಿಗೆ ಎಂದೂ ಕೊರತೆ ಇರಲಿಲ್ಲ. ಇದೇ ಹುಡುಗರಲ್ಲಿ ಒಬ್ಬ ದೇಶದ ಮಿಡ್‌ಫೀಲ್ಡರ್ ಆಗಬಲ್ಲ ಎಂದು ನೋಡುವ ಕಣ್ಣು ಮಾತ್ರ ಹತ್ತಿರದಲ್ಲಿ ಇರಲಿಲ್ಲ. ಅಂಥ ಕಣ್ಣು ಇದ್ದ ಊರಿನಲ್ಲಿ ಒಬ್ಬ ಆಟಗಾರ ಹೇಗೆ ಬೆಳೆಯುತ್ತಾನೆ, ಎಲ್ಲಿಗೆ ಹೋಗುತ್ತಾನೆ, ಆಟ ಮುಗಿದ ಮೇಲೆ ಅವನ ಗತಿ ಏನು ಎಂಬುದಕ್ಕೆ ಕಾರ್ಲ್‌ಟನ್ ಚಾಪ್‌ಮನ್ ಅವರ ಬದುಕಿಗಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ.

ಚಾಪ್‌ಮನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1971ರ ಏಪ್ರಿಲ್ 13ರಂದು. ಆ ಊರಿನ ಫುಟ್‌ಬಾಲ್ ದಂಡು ಪ್ರದೇಶದ ಫುಟ್‌ಬಾಲ್. ಬ್ರಿಟಿಷ್ ಪಲ್ಟನ್ನುಗಳು ಆಡುವುದನ್ನು ಬೇಲಿಯ ಹೊರಗಿನಿಂದ ನೋಡಿ ಕಲಿತ ಹುಡುಗರು ಬರಿಗಾಲಿನಲ್ಲಿ ಅದನ್ನು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಗೋರಾ ಪಲ್ಟನ್ನುಗಳ ಸ್ವತ್ತಿನಂತಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ಕ್ಲಬ್ಬು ಅದು. ಮರುವರ್ಷ ಇನ್ನೊಮ್ಮೆ ಗೆದ್ದು, ಮೊದಲ ಗೆಲುವು ಅದೃಷ್ಟದ್ದಲ್ಲ ಎಂದು ತೋರಿಸಿಕೊಟ್ಟಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ವಿರುದ್ಧ 2-1ರಿಂದ ಸೋತರೂ ಭಾರತದ ಆ ಒಂದು ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಅಂಬೇಡ್ಕರ್, ಬುದ್ಧ, ಮದರ್ ತೆರೆಸಾ ಅವರ ಜೊತೆಯಲ್ಲಿ ಪೆಲೆಯ ಪ್ರತಿಮೆಯೂ ನಿಂತಿದೆ. ಒಂದು ಬಡಾವಣೆ ಯಾರನ್ನು ತನ್ನವರೆಂದು ಎಣಿಸುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಆದರೆ ಬೆಂಗಳೂರು ಆಟಗಾರರನ್ನು ಬೆಳೆಸಿತೇ ಹೊರತು ಹಿಡಿದಿಟ್ಟುಕೊಳ್ಳಲಿಲ್ಲ. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಫಾರ್ವರ್ಡ್‌ಗಳನ್ನು ಅಲ್ಲಿನ ಜನ ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನಿಂದ ಹೋದವರು. ಮೆಲ್ಬರ್ನಿನಲ್ಲೂ ಅದರ ಮುಂದಿನ ರೋಮ್ ಒಲಿಂಪಿಕ್ಸ್‌ನಲ್ಲೂ ಆಡಿದ ಕೆಂಪಯ್ಯ ಮೋಹನ್ ಬಾಗಾನ್ ಸೇರಿದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಅದೇ ಕ್ಲಬ್ಬಿಗೆ ಹೋದವರು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಮೊದಲಾದ ಕಾರ್ಖಾನೆಗಳ ತಂಡಗಳಿದ್ದವು, ಆಟಗಾರನಿಗೆ ಪಿಂಚಣಿಯತನಕ ಭದ್ರವಾದ ನೌಕರಿ ಇತ್ತು. ಎಂಬತ್ತು ಸಾವಿರ ಜನ ಹೆಸರು ಹಿಡಿದು ಕೂಗುವ ಮೈದಾನ ಇರಲಿಲ್ಲ. ಅದಕ್ಕಾಗಿ ಹೌರಾದ ರೈಲು ಹತ್ತಬೇಕಿತ್ತು. ಮೈಸೂರು ರಾಜ್ಯ 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು, 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸುವತನಕ. ಚಾಪ್‌ಮನ್ ಅವರ ಇಡೀ ಆಟ ಈ ಬರಗಾಲದ ಒಳಗೇ ಆಗಿಹೋಯಿತು.

1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಜನ ಅದನ್ನು ಸಾಯ್ ಎಂದೇ ಕರೆಯುತ್ತಾರೆ. ಅದರ ಬೆಂಗಳೂರು ಕೇಂದ್ರದಲ್ಲಿ ಹುಡುಗ ಚಾಪ್‌ಮನ್ ಆಟ ಕಲಿತರು, ನಗರದ ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿದರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. 1987ರಲ್ಲಿ ಶುರುವಾದ ಈ ಅಕಾಡೆಮಿ ಭಾರತದ ಮಟ್ಟಿಗೆ ಹೊಸ ಪ್ರಯೋಗವಾಗಿತ್ತು. ಹದಿಹರೆಯದ ಹುಡುಗರಿಗೆ ಊಟ, ವಸತಿ, ಓದು, ಆಟ ಎಲ್ಲವನ್ನೂ ಒಂದೇ ಕಡೆ ಕೊಟ್ಟು, ವರ್ಷಗಟ್ಟಲೆ ಒಂದೇ ಪದ್ಧತಿಯಲ್ಲಿ ತಿದ್ದುವ ಸಂಸ್ಥೆ. ಚಾಪ್‌ಮನ್ ಅಲ್ಲಿದ್ದ ಕಾಲದಲ್ಲೇ, 1991ರಲ್ಲಿ, ಪಿ.ಕೆ. ಬ್ಯಾನರ್ಜಿ ಅದರ ತಾಂತ್ರಿಕ ನಿರ್ದೇಶಕರಾಗಿ ಬಂದರು. ಬ್ಯಾನರ್ಜಿ ಮೆಲ್ಬರ್ನಿನಲ್ಲಿ ರಹೀಂ ಅವರ ಕೈಕೆಳಗೆ ಆಡಿದವರು. ಹೈದರಾಬಾದಿನ ಆ ಮೇಷ್ಟರ ಪಾಠ ಒಂದು ತಲೆಮಾರು ದಾಟಿ ಬೆಂಗಳೂರಿನ ಹುಡುಗನನ್ನು ಮುಟ್ಟಿದ್ದು ಹೀಗೆ.

ಸಾಯ್ ಕೇಂದ್ರ, ಊರಿನ ಕ್ಲಬ್ಬು, ಅಕಾಡೆಮಿ: ಮೂರು ಮೆಟ್ಟಿಲು. ಬೆಂಗಳೂರಿನ ಹುಡುಗನಿಗೆ ಮೊದಲ ಎರಡು ಮೆಟ್ಟಿಲು ತನ್ನ ಊರಿನಲ್ಲೇ ಇದ್ದವು, ಮೂರನೆಯದರಿಂದ ಅವನನ್ನು ಹುಡುಕಿಕೊಂಡು ಬರುವವರಿದ್ದರು. ಜೇವರ್ಗಿಯ ಹುಡುಗನಿಗೆ ಮೊದಲನೆಯದಕ್ಕೇ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಇಬ್ಬರ ಕಾಲಿನ ಕಸುವಿನಲ್ಲಿ ವ್ಯತ್ಯಾಸ ಇದೆ ಎಂದು ನಾನು ಎಂದೂ ನಂಬಿಲ್ಲ.

1993ರಲ್ಲಿ ಚಾಪ್‌ಮನ್ ಈಸ್ಟ್ ಬೆಂಗಾಲ್ ಸೇರಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನ ಮೊದಲ ಸುತ್ತಿನಲ್ಲಿ ಎದುರಾದದ್ದು ಬಾಗ್ದಾದಿನ ಅಲ್ ಜವ್ರಾ. ಆಗಿನ ಇರಾಕಿ ಫುಟ್‌ಬಾಲ್ ಎಂದರೆ ಏಷ್ಯಾದಲ್ಲಿ ಎಲ್ಲರೂ ಹೆದರುವ ಫುಟ್‌ಬಾಲ್. 1986ರಲ್ಲಿ ವಿಶ್ವಕಪ್ ಆಡಿದ ದೇಶ ಅದು. ಅಂಥ ದೇಶದ ಹೆಸರಾಂತ ಕ್ಲಬ್ಬನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಮಿಡ್‌ಫೀಲ್ಡರ್ ಒಬ್ಬ ವಿದೇಶಿ ಕ್ಲಬ್ಬಿನ ಎದುರು ಹ್ಯಾಟ್ರಿಕ್ ಹೊಡೆಯುವುದು ಯಾವ ದೇಶದಲ್ಲೂ ಮೇಲಿಂದ ಮೇಲೆ ಕಾಣಸಿಗುವ ಸಂಗತಿಯಲ್ಲ. ಭಾರತದ ಕ್ಲಬ್ ಫುಟ್‌ಬಾಲಿನ ಅತ್ಯುತ್ತಮ ಸಂಜೆಗಳನ್ನು ಯಾರಾದರೂ ಎಣಿಸಿದರೆ ಇದು ಮೊದಲ ಸಾಲಿನಲ್ಲೇ ಬರಬೇಕು.

ಮಿಡ್‌ಫೀಲ್ಡರನ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಗೋಲು ತಡೆದವನ ಚಿತ್ರ ಬರುತ್ತದೆ, ನಡುವಿನವನು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಚೆಂಡು ಹಿಂದಿನಿಂದ ಬರುವಾಗ ಅವನ ಬೆನ್ನು ಎದುರಾಳಿಯ ಕಡೆಗಿರುತ್ತದೆ. ಚೆಂಡು ಕಾಲಿಗೆ ತಾಗುವ ಮೊದಲೇ ಅವನು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ, ತನ್ನವರು ಎಲ್ಲಿದ್ದಾರೆ, ಎದುರಾಳಿ ಎಷ್ಟು ಹತ್ತಿರ ಬಂದಿದ್ದಾನೆ ಎಂದು ಅಂದಾಜು ಹಾಕಿಕೊಂಡಿರಬೇಕು. ಆಟದ ವೇಗವನ್ನು ಏರಿಸುವವನೂ ಇಳಿಸುವವನೂ ಅವನೇ. ಎದುರಾಳಿ ಚೆಂಡು ಕಸಿದಾಗ ಮೊದಲು ಹಿಂದಕ್ಕೆ ಓಡಬೇಕಾದವನೂ ಅವನೇ. ಆದ್ದರಿಂದಲೇ ಇರಬೇಕು, ಜಗತ್ತಿನ ಎಷ್ಟೋ ಒಳ್ಳೆಯ ಕೋಚ್‌ಗಳು ಮಿಡ್‌ಫೀಲ್ಡರ್ ಆಗಿದ್ದವರು. ಇಡೀ ಮೈದಾನವನ್ನು ಓದುವುದು ಆಡುವ ದಿನಗಳಲ್ಲೇ ಅವರಿಗೆ ರೂಢಿಯಾಗಿರುತ್ತದೆ. ಚಾಪ್‌ಮನ್ ಈ ಕೆಲಸದ ಜೊತೆಗೆ ಮುನ್ನುಗ್ಗಿ ಗೋಲನ್ನೂ ಹೊಡೆಯುತ್ತಿದ್ದರು. ಅವರನ್ನು ಉಳಿದವರಿಂದ ಬೇರೆಯಾಗಿ ನಿಲ್ಲಿಸಿದ್ದು ಅದು.

1995ರಲ್ಲಿ ಅವರು ಪಂಜಾಬಿನ ಫಗ್ವಾಡಾಕ್ಕೆ ಹೋದರು. ಅಲ್ಲಿನ ಜೆಸಿಟಿ ಬಟ್ಟೆ ಗಿರಣಿಯ ತಂಡ ಆಗ ಹಣ ಹಾಕಿ ದೇಶದ ಅತ್ಯುತ್ತಮ ಆಟಗಾರರನ್ನು ಒಟ್ಟುಗೂಡಿಸುತ್ತಿತ್ತು. ಕೇರಳದ ಐ.ಎಂ. ವಿಜಯನ್ ಬಂದರು, ಈಸ್ಟ್ ಬೆಂಗಾಲಿನಿಂದ ಸಿಕ್ಕಿಮಿನ ಬೈಚುಂಗ್ ಭುಟಿಯಾ ಬಂದರು, ಅವರಿಬ್ಬರ ಹಿಂದೆ ಚೆಂಡು ಹಂಚಲು ಬೆಂಗಳೂರಿನ ಚಾಪ್‌ಮನ್ ನಿಂತರು. ದೇಶದ ಮೂರು ಮೂಲೆಗಳ ಮೂವರು ಪಂಜಾಬಿನ ಒಂದು ಗಿರಣಿ ಊರಿನಲ್ಲಿ ಕೂಡಿ ಆಡಿದ ಆ ಎರಡು ವರ್ಷಗಳು ನನ್ನ ದೃಷ್ಟಿಯಲ್ಲಿ ತೊಂಬತ್ತರ ದಶಕದ ಭಾರತೀಯ ಫುಟ್‌ಬಾಲಿನ ಎತ್ತರದ ಕಾಲ. ಆ ಅವಧಿಯಲ್ಲಿ ಜೆಸಿಟಿ ಫೆಡರೇಷನ್ ಕಪ್ ಗೆದ್ದಿತು. ಅದಕ್ಕಿಂತ ಮುಖ್ಯವಾದದ್ದು 1996-97ರ ನ್ಯಾಷನಲ್ ಫುಟ್‌ಬಾಲ್ ಲೀಗ್.

ಅಲ್ಲಿಯವರೆಗೆ ಭಾರತದಲ್ಲಿ ಇಡೀ ದೇಶದ ಲೀಗ್ ಎಂಬುದೇ ಇರಲಿಲ್ಲ. ಕಲ್ಕತ್ತಾ ಲೀಗ್ ಕಲ್ಕತ್ತದ್ದು, ಗೋವಾ ಲೀಗ್ ಗೋವಾದ್ದು. ಡ್ಯುರಾಂಡ್, ರೋವರ್ಸ್, ಫೆಡರೇಷನ್ ಕಪ್‌ಗಳು ಕೆಲವು ದಿನ ನಡೆದು ಮುಗಿಯುವ ಟೂರ್ನಿಗಳು. ಬೇರೆ ಬೇರೆ ರಾಜ್ಯಗಳ ಕ್ಲಬ್ಬುಗಳು ತಿಂಗಳುಗಟ್ಟಲೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡಿ ಅಂಕ ಗಳಿಸುವ ಪದ್ಧತಿ ಬಂದದ್ದು ಆ ವರ್ಷ. ಸುಖ್ವಿಂದರ್ ಸಿಂಗ್ ಕೋಚ್ ಆಗಿದ್ದ ಜೆಸಿಟಿ ಮೊದಲ ಚಾಂಪಿಯನ್ ಆಯಿತು. 14 ಗೋಲು ಹೊಡೆದ ಭುಟಿಯಾ ಲೀಗಿನಲ್ಲೇ ಹೆಚ್ಚು ಗೋಲು ಗಳಿಸಿದವರು. ಆ ಗೋಲುಗಳಿಗೆ ದಾರಿ ಮಾಡಿಕೊಟ್ಟ ಪಾಸುಗಳನ್ನು ಆ ದಿನಗಳಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಬರೆದಿಟ್ಟಿದ್ದರೆ ಚಾಪ್‌ಮನ್ ಅವರ ಹೆಸರನ್ನು ಇವತ್ತಿನ ಹುಡುಗರಿಗೆ ಪರಿಚಯ ಮಾಡಿಕೊಡಬೇಕಾದ ಪ್ರಸಂಗ ಬರುತ್ತಿರಲಿಲ್ಲ. ಆಡಿದ್ದನ್ನು ಬರೆದಿಡದ ಅಸಡ್ಡೆಯಿಂದ ನಮ್ಮ ಫುಟ್‌ಬಾಲ್ ಎಷ್ಟು ಕಳೆದುಕೊಂಡಿದೆ ಎಂದು ನೆನೆದರೆ ಸಂಕಟವಾಗುತ್ತದೆ.

1997 ದೇಶದ ಫುಟ್‌ಬಾಲಿಗೆ ಹುಚ್ಚು ಹಿಡಿಸಿದ ವರ್ಷ. ಜುಲೈ 13ರಂದು ಕಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ ನೋಡಲು 1,31,000 ಜನ ಸೇರಿದರು. ಈಸ್ಟ್ ಬೆಂಗಾಲಿಗೆ ಮರಳಿದ್ದ ಭುಟಿಯಾ ಹ್ಯಾಟ್ರಿಕ್ ಹೊಡೆದು ಮೋಹನ್ ಬಾಗಾನನ್ನು 4-1ರಿಂದ ಸೋಲಿಸಿದರು. ಅದೇ ವರ್ಷ ಕೊಚ್ಚಿಯಲ್ಲಿ ಎಫ್‌ಸಿ ಕೊಚ್ಚಿನ್ ಎಂಬ ಹೊಸ ಕ್ಲಬ್ ಹುಟ್ಟಿತು. ಕಾರ್ಖಾನೆಯ, ಬ್ಯಾಂಕಿನ, ಪೊಲೀಸ್ ಇಲಾಖೆಯ ಹಂಗಿಲ್ಲದೆ, ಆಟವನ್ನೇ ಉದ್ಯೋಗವಾಗಿ ನಂಬಿದ ವೃತ್ತಿಪರ ಕ್ಲಬ್ ಅದು. ವಿಜಯನ್ ಹೋದರು, ಚಾಪ್‌ಮನ್ ಕೂಡ ಹೋದರು. ಹುಟ್ಟಿದ ವರ್ಷವೇ ಆ ಕ್ಲಬ್ ಡ್ಯುರಾಂಡ್ ಕಪ್ ಗೆದ್ದಿತು. ಕೇರಳದ ಕ್ಲಬ್ಬೊಂದು ಅದನ್ನು ಗೆದ್ದದ್ದು ಅದೇ ಮೊದಲು. ಆದರೆ ಆಟಗಾರರಿಗೆ ಕೊಡುವ ದೊಡ್ಡ ಸಂಬಳಕ್ಕೆ ಸರಿಯಾದ ಆದಾಯ ಹುಟ್ಟಲಿಲ್ಲ. ಕೆಲವೇ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿ ಕ್ಲಬ್ ಮುಚ್ಚಿತು. ಒಂದು ಋತು ಆಡಿದ ಚಾಪ್‌ಮನ್ 1998ರಲ್ಲಿ ಈಸ್ಟ್ ಬೆಂಗಾಲಿಗೆ ವಾಪಸು ಬಂದಿದ್ದರು.

ಭಾರತಕ್ಕೂ ಅವರು ಈ ವರ್ಷಗಳಲ್ಲೇ ಆಡಿದರು, ತಂಡದ ನಾಯಕತ್ವವನ್ನೂ ವಹಿಸಿದರು. 1997ರ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಟೂರ್ನಿಯ ಫೈನಲಿನಲ್ಲಿ ಭಾರತ ಮಾಲ್ಡೀವ್ಸನ್ನು 5-1ರಿಂದ ಮಣಿಸಿತು. ಕ್ಲಬ್ ಮಟ್ಟದಲ್ಲಿ ಅವರ ಕೊನೆಯ ದೊಡ್ಡ ಗೆಲುವು ಬಂದದ್ದು 2000-01ರ ಋತುವಿನಲ್ಲಿ. ಮನೋರಂಜನ್ ಭಟ್ಟಾಚಾರ್ಯ ಕೋಚ್, ಚಾಪ್‌ಮನ್ ನಾಯಕ. ಈಸ್ಟ್ ಬೆಂಗಾಲ್ ತನ್ನ ಮೊದಲ ನ್ಯಾಷನಲ್ ಲೀಗ್ ಪ್ರಶಸ್ತಿ ಗೆದ್ದಿತು. ಆ ವರ್ಷವೇ ಅವರು ಆಟದಿಂದ ನಿವೃತ್ತರಾದರು. ಮೂವತ್ತು ವರ್ಷ ಅಂದರೆ ಮಿಡ್‌ಫೀಲ್ಡರನಿಗೆ ಆಟ ಮುಗಿಯುವ ವಯಸ್ಸೇನಲ್ಲ. ಗೆದ್ದ ನಾಯಕನಾಗಿಯೇ ಮೈದಾನ ಬಿಟ್ಟರು.

ಮರುವರ್ಷ, 2002ರಲ್ಲಿ, ಜಮ್‌ಶೆಡ್‌ಪುರದ ಅದೇ ಅಕಾಡೆಮಿಗೆ ಕೋಚ್ ಆಗಿ ಹೋದರು. ಕಲಿತ ಮನೆಗೇ ಕಲಿಸಲು ಹೋದದ್ದು ಕೇಳಲು ಚೆನ್ನಾಗಿದೆ. ಕೆಲಸ ಮಾತ್ರ ಕಠಿಣವಾದದ್ದು. ಆಟಗಾರನಿಗೆ ವಾರಕ್ಕೊಂದು ಪಂದ್ಯದ ಫಲ ಕಣ್ಣೆದುರಿಗೆ ಬರುತ್ತದೆ. ಹದಿನೈದು ವರ್ಷದ ಹುಡುಗನನ್ನು ತಿದ್ದುವವನಿಗೆ ಫಲ ಸಿಗುವುದು ಆ ಹುಡುಗ ಇಪ್ಪತ್ತೆರಡಕ್ಕೆ ಬಂದಾಗ, ಅದೂ ಇನ್ಯಾವುದೋ ಕ್ಲಬ್ಬಿನ ಅಂಗಿಯಲ್ಲಿ. ಬೆಳಗಿನ ಜಾವ ಓಟ, ಚೆಂಡು ಹಿಡಿಯುವ ಮೊದಲ ಸ್ಪರ್ಶ, ಎರಡು ಕಾಲಿನಲ್ಲೂ ಪಾಸು ಕೊಡುವ ಅಭ್ಯಾಸ, ಅದನ್ನೇ ಮತ್ತೆ ಮತ್ತೆ ಮಾಡಿಸುವುದು. ದೊಡ್ಡ ಹೆಸರಿನ ಆಟಗಾರರಲ್ಲಿ ಹಲವರು ಈ ಕೆಲಸಕ್ಕೆ ಇಳಿಯುವುದಿಲ್ಲ. ಲಕ್ಷ ಜನರ ಎದುರು ಆಡಿದವನು ಖಾಲಿ ಮೈದಾನದ ದಡದಲ್ಲಿ ಸಿಳ್ಳೆ ಕಟ್ಟಿಕೊಂಡು ನಿಲ್ಲಲು ಆಟದ ಮೇಲೆ ನಿಜವಾದ ಪ್ರೀತಿ ಬೇಕು. ಚಾಪ್‌ಮನ್ ನಿಂತರು.

ಅಲ್ಲಿಂದ ಮುಂದೆ ಅವರ ಹಾದಿ ಎರಡನೆಯ ದರ್ಜೆಯ ಕ್ಲಬ್ಬುಗಳದ್ದು. ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕಲ್ಕತ್ತದ ಭವಾನಿಪುರ, ದಿಲ್ಲಿಯ ಸುದೇವ, ಕೊನೆಗೆ 2017ರಲ್ಲಿ ಕೋಯಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿಯ ತಾಂತ್ರಿಕ ನಿರ್ದೇಶಕ ಸ್ಥಾನ. ಇವುಗಳಲ್ಲಿ ಶಿಲ್ಲಾಂಗಿನ ಕೆಲಸವನ್ನು ನಾನು ಬೇರೆಯಾಗಿ ಎಣಿಸುತ್ತೇನೆ. ಖಾಸಿ ಬೆಟ್ಟಗಳ ಹುಡುಗರಿಂದಲೇ ಕಟ್ಟಿದ ಕ್ಲಬ್ ಅದು. ಚಾಪ್‌ಮನ್ ಇದ್ದಾಗ, ನ್ಯಾಷನಲ್ ಲೀಗಿನ ಜಾಗಕ್ಕೆ ಬಂದ ಐ-ಲೀಗಿನ ಎರಡನೆಯ ದರ್ಜೆಯಲ್ಲಿ ಮೇಲೇರಲು ಹೆಣಗುತ್ತಿತ್ತು. ಅವರು ಬಿಟ್ಟ ಮೇಲೆ, 2014-15ರಲ್ಲಿ, ಮೊದಲ ದರ್ಜೆಗೆ ಏರಿದ ಆ ಕ್ಲಬ್ ಮೋಹನ್ ಬಾಗಾನ್, ಬೆಂಗಳೂರು ಎಫ್‌ಸಿ ನಂತರ ಮೂರನೆಯ ಸ್ಥಾನ ಪಡೆದು ದೇಶವನ್ನೇ ಅಚ್ಚರಿಗೊಳಿಸಿತು. ಆಗಿನ ಕೋಚ್ ಸಂತೋಷ್ ಕಶ್ಯಪ್, ಆ ಸಾಧನೆಯ ಶ್ರೇಯಸ್ಸು ಅವರದ್ದೇ. ಹಾಗಿದ್ದರೂ ತಳಪಾಯದಲ್ಲಿ ದುಡಿದವರಲ್ಲಿ ಒಬ್ಬ ಬೆಂಗಳೂರಿಗನೂ ಇದ್ದ ಎನ್ನುವುದನ್ನು ಕನ್ನಡದಲ್ಲಿ ಯಾರಾದರೂ ಬರೆದಿಡಬೇಕಲ್ಲ.

ಆ ವರ್ಷಗಳಲ್ಲಿ ಅವರ ಸುತ್ತಲಿನ ಫುಟ್‌ಬಾಲ್ ಪೂರಾ ಬದಲಾಯಿತು. 2010ರಲ್ಲಿ ಮುಂಬಯಿಯ ಮಹೀಂದ್ರಾ ಯುನೈಟೆಡ್ ಕ್ಲಬ್ ಮುಚ್ಚಿತು. 2011ರಲ್ಲಿ ಜೆಸಿಟಿ, ಮೊದಲ ರಾಷ್ಟ್ರೀಯ ಚಾಂಪಿಯನ್, ಬಾಗಿಲು ಹಾಕಿತು. ಚಾಪ್‌ಮನ್ ಆಡಿದ ಮೂರು ದೊಡ್ಡ ಕ್ಲಬ್ಬುಗಳಲ್ಲಿ ಉಳಿದದ್ದು ಈಸ್ಟ್ ಬೆಂಗಾಲ್ ಒಂದೇ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಮೈದಾನದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿಯ ಯುವಕರು ಹಾಡಿ ಕುಣಿದರು. ಅಹ್ಮದ್ ಖಾನ್ ಕಾಲದಿಂದ ಬೆಂಗಳೂರಿನ ಆಟಗಾರ ಕಲ್ಕತ್ತಕ್ಕೆ ಹೋಗಿ ಹುಡುಕಿಕೊಂಡ ಜನಸಾಗರ ಕೊನೆಗೂ ಅವನ ಊರಿಗೆ ಬಂದಿತ್ತು. ಆ ತಂಡದ ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್, ಒಳ್ಳೆಯ ಕೋಚ್, ಅದರಲ್ಲಿ ಎರಡು ಮಾತಿಲ್ಲ. 2014ರ ಅಕ್ಟೋಬರಿನಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಎಂಟೂ ತಂಡಗಳ ಮುಖ್ಯ ಕೋಚ್‌ಗಳು ವಿದೇಶಿಯರು: ಜಿಕೊ, ಮಾತೆರಾಜ್ಜಿ, ಡೇವಿಡ್ ಜೇಮ್ಸ್ ಮೊದಲಾದವರು. ದೊಡ್ಡ ಹೆಸರುಗಳನ್ನು ನೋಡಲು ಜನ ಬಂದರು, ಟಿವಿಯಲ್ಲಿ ಆಟ ಮೆರೆಯಿತು. ತೊಂಬತ್ತರ ದಶಕದಲ್ಲಿ ಈ ದೇಶದ ಫುಟ್‌ಬಾಲನ್ನು ಹೊತ್ತವರಿಗೆ ಮಾತ್ರ ಸಹಾಯಕ ಕೋಚ್‌ನ ಕುರ್ಚಿ, ಇಲ್ಲವೇ ಎರಡನೆಯ ದರ್ಜೆಯ ಲೀಗ್. ಚಾಪ್‌ಮನ್ ಅವರ ನಂತರ ಬೆಂಗಳೂರಿನಿಂದಲೇ ಬಂದ ಮಿಡ್‌ಫೀಲ್ಡರ್ ಷಣ್ಮುಗಂ ವೆಂಕಟೇಶ್ ಕೂಡ ರಾಷ್ಟ್ರೀಯ ತಂಡದಲ್ಲಿ ದುಡಿದದ್ದು ಸ್ಟೀಫನ್ ಕಾನ್‌ಸ್ಟಂಟೈನ್, ಇಗೊರ್ ಸ್ಟಿಮಾಚ್ ಅವರ ಸಹಾಯಕರಾಗಿ. ವಿದೇಶಿ ಕೋಚ್ ಬರಬಾರದು ಎಂದು ನಾನು ಹೇಳುತ್ತಿಲ್ಲ. ಆಡಿ ನುರಿತ ನಮ್ಮವರಿಗೆ ದೊಡ್ಡ ತಂಡ ನಡೆಸುವ ಅವಕಾಶವನ್ನೇ ಕೊಡದೆ, ಅನುಭವ ಸಾಲದು ಎಂದು ಪಕ್ಕಕ್ಕಿಟ್ಟದ್ದು ಅನ್ಯಾಯ.

2020ರ ಅಕ್ಟೋಬರ್ 12ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಹೃದಯಾಘಾತದಿಂದ ಚಾಪ್‌ಮನ್ ತೀರಿಕೊಂಡರು. ನಲವತ್ತೊಂಬತ್ತು ವರ್ಷ, ಕೋಚ್ ಒಬ್ಬನ ಬುದ್ಧಿ ಮಾಗುವ ವಯಸ್ಸು. ಕೊರೊನಾ ಕಾಲವಾದ್ದರಿಂದ ಮೈದಾನಗಳು ಮುಚ್ಚಿದ್ದವು. ಸಾವಿರಾರು ಜನ ಸೇರಿ ಒಬ್ಬ ಆಟಗಾರನನ್ನು ಬೀಳ್ಕೊಡುವಂತೆ ಅವರನ್ನು ಬೀಳ್ಕೊಡಲು ಆಗಲಿಲ್ಲ. ಮುಂದಿನ ತಿಂಗಳು, ನವೆಂಬರ್ 27ರಂದು, ಗೋವಾದ ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಈಸ್ಟ್ ಬೆಂಗಾಲ್ ಸೂಪರ್ ಲೀಗಿನ ತನ್ನ ಮೊದಲ ಪಂದ್ಯ ಆಡಿತು. ಚಾಪ್‌ಮನ್ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದುಕೊಟ್ಟ ಆ ಕ್ಲಬ್ಬಿಗೆ ಅಂದು ಕೋಚ್ ಆಗಿದ್ದವರು ಲಿವರ್‌ಪೂಲಿನ ರಾಬಿ ಫೌಲರ್. ಪಂದ್ಯವನ್ನು 0-2ರಿಂದ ಸೋತರು.

ಒಂದು ವರ್ಷದ ನಂತರ, 2021ರ ಅಕ್ಟೋಬರಿನಲ್ಲಿ, ನಾರ್ತ್‌ಈಸ್ಟ್ ಯುನೈಟೆಡ್ ಕ್ಲಬ್ ಖಾಲಿದ್ ಜಮೀಲ್ ಅವರನ್ನು ಪೂರ್ಣಾವಧಿಯ ಮುಖ್ಯ ಕೋಚ್ ಆಗಿ ನೇಮಿಸಿತು. ಸೂಪರ್ ಲೀಗಿನಲ್ಲಿ ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. ಚಾಪ್‌ಮನ್ ಅವರಿಗಿಂತ ಆರು ವರ್ಷ ಕಿರಿಯ ಮಿಡ್‌ಫೀಲ್ಡರ್, ಐಜಾಲಿನಂಥ ಪುಟ್ಟ ಊರಿನ ಕ್ಲಬ್ಬಿಗೆ 2016-17ರ ಐ-ಲೀಗ್ ಗೆಲ್ಲಿಸಿಕೊಟ್ಟವರು. 2025ರ ಆಗಸ್ಟಿನಲ್ಲಿ ಅವರು ಭಾರತ ತಂಡದ ಮುಖ್ಯ ಕೋಚ್ ಆದರು.